ನೀರು ಕಂಡ ಅಂಗಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸುಮಿಗೌರಾ ಸರೋವರದಿಂದ ಎದ್ದ ಮಂಜು ತ್ಸುಚಿಯುರಾದ ತಾವರೆ ಗದ್ದೆಗಳ ಮೇಲೆ ಕೂತುಬಿಟ್ಟಿದೆ. ಎದೆಯವರೆಗೂ ರಬ್ಬರ್ ಉಡುಪು ತೊಟ್ಟ ಗಂಡಸರು ಕೆಸರಿಗಿಳಿದು, ನೀರಿನ ಕೊಳವೆ ಹಿಡಿದು ತಾವರೆ ಗೆಡ್ಡೆ ಎಬ್ಬಿಸುತ್ತಿದ್ದಾರೆ. ಗದ್ದೆಯ ಅಂಚಿನಲ್ಲಿರುವ ತಗಡು ಮಾಡಿನ ಹೊಲಿಗೆ ಶೆಡ್ಡಿನ ಬಾಗಿಲಲ್ಲಿ ಅರವತ್ತೇಳರ ಮಹಿಳೆ ನುಮಾಜಿರಿ ಮಿತ್ಸುಯೊ ನಿಂತಿದ್ದಾರೆ. ಕಸ ಹಿಡಿಯುವ ಅಂಟಿನ ಉರುಳೆಯನ್ನು ತಲೆಯ ಟೋಪಿಯಿಂದ ಕಾಲುಚೀಲದವರೆಗೆ ತಮ್ಮ ಮೈಮೇಲೆ ತಾವೇ ಉರುಳಿಸಿಕೊಳ್ಳುತ್ತಾರೆ. ಅಂಟಿಗೆ ಒಂದು ಬಿಳಿ ಕೂದಲು ಸಿಕ್ಕುತ್ತದೆ. ಆ ಹಾಳೆ ಕಿತ್ತೆಸೆದು, ಹೊಸ ಹಾಳೆ ಬಿಚ್ಚಿ, ಮತ್ತೆ ತಲೆಯಿಂದಲೇ ಶುರು ಮಾಡುತ್ತಾರೆ.

"ಮುಂಚೆ ಇಷ್ಟೊಂದು ಮಾಡ್ತಿರಲಿಲ್ಲ. ಒಂದ್ಸಲ ಉರುಳಿಸಿ ಒಳಗೆ ಹೋಗ್ತಿದ್ದೆ," ಎನ್ನುತ್ತಾರೆ. "ಈಗ ನನ್ನ ಮೈಮೇಲೆ ನನಗೇ ನಂಬಿಕೆ ಇಲ್ಲ."

ಒಳಗೆ ದೀಪದಡಿಯ ಮೇಜಿನ ಮೇಲಿರುವುದು ಒಂದು ಅಂಗಿ. ತೊಡುವವರು ಮನುಷ್ಯರಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಜೊತೆ ತೇಲಾಡಿಕೊಂಡು ಚಾಕರಿ ಮಾಡುವ ರೋಬೋಟಿನ ಅಂಗಿ ಅದು. ರೋಬೋಟ್ ಎಂದರೆ ಕೈಕಾಲು ಇರುವ ಗೊಂಬೆಯನ್ನು ನೆನೆಯಬೇಡಿ. ಇದು ಒಂದು ಕರ್ಬೂಜ ಹಣ್ಣಿನಷ್ಟು ದಪ್ಪದ ಗುಂಡು. ಒಳಗಿನ ಪುಟ್ಟ ಫ್ಯಾನುಗಳು ಒಂದು ಕಡೆಯಿಂದ ಗಾಳಿ ಎಳೆದು ಇನ್ನೊಂದು ಕಡೆಗೆ ಊದುತ್ತವೆ, ಆ ಊದುವಿಕೆಗೇ ಗುಂಡು ಗಾಳಿಯಲ್ಲಿ ಸರಿಯುತ್ತದೆ. ಮುಖದಲ್ಲಿ ಕ್ಯಾಮೆರಾದ ಒಂಟಿ ಕಣ್ಣು. ಗಗನಯಾತ್ರಿಯ ಎರಡೂ ಕೈ ಕೆಲಸದಲ್ಲಿದ್ದಾಗ ಇದು ಹೆಗಲ ಪಕ್ಕ ನಿಂತು ಆ ಕೆಲಸವನ್ನು ಭೂಮಿಯವರಿಗೆ ತೋರಿಸುತ್ತದೆ, ಮುಂದೇನು ಮಾಡಬೇಕೆಂದು ಓದಿ ಹೇಳುತ್ತದೆ, ಕೈತಪ್ಪಿ ತೇಲಿಹೋದ ತಿರುಪುಳಿಯನ್ನು ಮೂಲೆಮೂಲೆ ಸುತ್ತಿ ಹುಡುಕಿಕೊಡುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಯಾರದೋ ಹಣೆಗೋ ಯಾವುದೋ ಗಾಜಿಗೋ ತಗುಲಿದರೆ ಪೆಟ್ಟಾಗಬಾರದಲ್ಲ, ಅದಕ್ಕೆ ಈ ಮೆತ್ತನೆಯ ಅಂಗಿ. ಬಣ್ಣದ ನೂಲು ಸುತ್ತಿದ ಆಟದ ಚೆಂಡಿಗೆ ಇಲ್ಲಿ ತೆಮಾರಿ ಎನ್ನುತ್ತಾರೆ. ರೋಬೋಟಿಗೂ ಅದೇ ಹೆಸರು ನಿಂತಿದೆ.

ಮೇಲಿರುವ ತೆಮಾರಿಗೆ ಈಗ ಉಸಿರಿಲ್ಲ. ಶರತ್ಕಾಲದಲ್ಲಿ ನಿಂತದ್ದು ಇನ್ನೂ ಎದ್ದಿಲ್ಲ. ಮಿತ್ಸುಯೊ ಹೊಲಿಯುತ್ತಿರುವ ಈ ಎರಡನೆಯ ಅಂಗಿ ಮುಂದಿನ ಸರಕು ನೌಕೆಯಲ್ಲಿ ಮೇಲಕ್ಕೆ ಹೋಗುತ್ತದೆ. ಹಳೆಯದನ್ನು ಕಳಚಿ, ಒಳಗಿನ ಕಸ ತೆಗೆದು, ಇದನ್ನು ತೊಡಿಸಿ ನೋಡುತ್ತಾರೆ. ತೇಲಿತೋ, ಬದುಕಿತು. ಇಲ್ಲವೋ, ನಿಲ್ದಾಣದ ಕಸವನ್ನೆಲ್ಲ ಹೊಟ್ಟೆಗೆ ತುಂಬಿಕೊಂಡು ಬೀಳುವಾಗ ಉರಿದು ಬೂದಿಯಾಗುವ ನೌಕೆಯೊಂದಿದೆ, ಅದರೊಳಗೆ ಚಿಂದಿ ಡಬ್ಬಿಗಳ ಜೊತೆ ತೆಮಾರಿಯನ್ನೂ ತುರುಕುತ್ತಾರೆ. ಅದರ ಉಸಿರು ಕಟ್ಟಿಸಿದ್ದು ಮೊದಲನೆಯ ಅಂಗಿ. ಅದನ್ನು ಹೊಲಿದವರೂ ಮಿತ್ಸುಯೊ ಅವರೇ.

ಶಾಲೆ ಮುಗಿಸಿದ ವರ್ಷವೇ ಅವರು ಊರಿನ ಮಕ್ಕಳ ಬಟ್ಟೆ ಕಾರ್ಖಾನೆ ಸೇರಿದ್ದರು. ಆಗ ತಾನೇ ಹುಟ್ಟಿದ ಕೂಸು ತೊಡುವ ಮೊದಲ ಅಂಗಿ ಅವರ ಪಾಲಿನ ಕೆಲಸ. ಅದರ ಹೊಲಿಗೆಯ ಅಂಚೆಲ್ಲ ಹೊರಮೈಗೆ ಬರಬೇಕು, ಒಳಗಿದ್ದರೆ ಎಳೆಯ ಚರ್ಮಕ್ಕೆ ಒತ್ತುತ್ತದೆ. ಗುಂಡಿ ಇಡುವಂತಿಲ್ಲ, ಬಟ್ಟೆಯ ದಾರದ ಗಂಟು ಮಾತ್ರ. ಇಡೀ ಪ್ರಾಯ ಅದರಲ್ಲೇ ಕಳೆಯಿತು. ಬರಬರುತ್ತಾ ಊರಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿ ಕಾರ್ಖಾನೆಗೆ ಬೀಗ ಬಿತ್ತು.

"ಮೊದಮೊದಲು ಕೂಸುಗಳಿದ್ವು, ಅಂಗಿ ಸಾಲ್ತಿರಲಿಲ್ಲ. ಆಮೇಲೆ ಅಂಗಿ ಇದ್ವು, ಕೂಸುಗಳೇ ಇರಲಿಲ್ಲ," ಎಂದು ಮಿತ್ಸುಯೊ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಲಾರಿ ಓಡಿಸುವ ಅವರ ಒಬ್ಬನೇ ಮಗ ನಲವತ್ತು ದಾಟಿದ್ದಾನೆ, ಮದುವೆಯ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಾನೆ. ಮೊಮ್ಮಗುವಿಗೆಂದು ಎಂದೋ ಹೊಲಿದಿಟ್ಟ ಅಂಗಿ ಪೆಟ್ಟಿಗೆಯಲ್ಲೇ ಹಳದಿ ತಿರುಗಿದೆ.

ಬೀಗ ಬಿದ್ದ ಮೇಲೆ ಅವರಿಗೆ ಕೆಲಸ ಕೊಟ್ಟದ್ದು ಈ ಶೆಡ್ಡಿನ ಯಜಮಾನ ಹನವಾ ತೊಕುಜಿ. ಟ್ರ್ಯಾಕ್ಟರ್ ಸೀಟಿನ ಕವಚ, ಭತ್ತದ ಯಂತ್ರಕ್ಕೆ ಹೊದಿಕೆ, ಮೀನುಗಾರರ ಚೀಲ ಇವೇ ಇಲ್ಲಿನ ದಿನದ ದುಡಿಮೆ. ಅಲ್ಲಿಗೆ ಆಕಾಶದ ಕೆಲಸ ಹೇಗೆ ಬಂತೆಂದು ಕೇಳಿದರೆ ಹನವಾ ಸಿಗರೇಟು ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಾರೆ: "ದೊಡ್ಡ ಕಂಪನಿಯೋರು ಒಂದು ಅಂಗಿ ಹೊಲಿಯಲ್ಲ ಅಂದ್ರಂತೆ. ಸಾವಿರ ಇದ್ರೆ ಬನ್ನಿ ಅಂದ್ರಂತೆ. ನಮಗೇನು, ಒಂದಿದ್ರೂ ಹಬ್ಬ. ಬಡವನ ಮನೆಗೆ ನೆಂಟ ಬಂದ್ರೆ ಯಾವ ಊರಿನೋನು ಅಂತ ಕೇಳ್ತೀವಾ?"

ನೆಂಟನ ಹೆಸರು ಇಸೊಗಾಯಿ. ಗುಡ್ಡದ ಕಡೆಯ ಸಂಶೋಧನಾ ಸಂಸ್ಥೆಯ ಎಂಜಿನಿಯರ್. ಮೂವತ್ತರ ಆಚೀಚೆ ವಯಸ್ಸು. ನಿಲ್ದಾಣದಲ್ಲಿರುವ ತೆಮಾರಿಯನ್ನು ಭೂಮಿಯ ಮೇಲೆ ಕೂತು ಓಡಿಸುವವರು ಅವರೇ. ಬೆಂಕಿ ಹಿಡಿಯದ ಬಟ್ಟೆಯ ಸುರುಳಿ ಹೊತ್ತು ಅವರು ಮೊದಲ ಸಲ ಬಂದಾಗ ಮಿತ್ಸುಯೊ ಬಟ್ಟೆ ಮುಟ್ಟಿ ನೋಡಿ, "ಅಯ್ಯೋ, ಇಷ್ಟು ಒರಟಾ? ಕೂಸಿಗೆ ಚುಚ್ಚಲ್ವಾ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆಗಲೇ ಯಾರಾದರೂ ನಗುವುದನ್ನು ಬಿಟ್ಟು ಆ ಮಾತಿಗೆ ಕಿವಿಗೊಟ್ಟಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತೇನೋ.

ಇಲ್ಲಿನ ಮನೆಗಳಲ್ಲಿ ಒಂದು ರೂಢಿ ಇದೆ. ಹುಟ್ಟಲಿರುವ ಕೂಸಿಗೆ ತಂದ ಹೊಸ ಬಟ್ಟೆಯನ್ನು ಹಾಗೇ ತೊಡಿಸುವುದಿಲ್ಲ. ಒಳ್ಳೆಯ ಬಿಸಿಲಿನ ದಿನ ನೋಡಿ, ಸೋಪು ಹಾಕದೆ ಬರೀ ನೀರಿನಲ್ಲಿ ಅದ್ದಿ, ಹಿಂಡದೆ, ಗಾಳಿಗೆ ಒಣಗಿಸಿ ಮಡಿಸಿಡುತ್ತಾರೆ. ಬಟ್ಟೆಯ ಗಂಜಿ ಹೋಗುತ್ತದೆ, ನೂಲು ಮೆತ್ತಗಾಗುತ್ತದೆ. ತೆಮಾರಿಯ ಅಂಗಿ ಹೊಲಿದು ಮುಗಿದ ದಿನ ಮಿತ್ಸುಯೊ ಯೋಚನೆ ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ. ಕೈ ತಾನಾಗಿಯೇ ಮಾಡಿತು. ಶೆಡ್ಡಿನ ಹಿಂದಿನ ನಲ್ಲಿಯಡಿ ಬೋಗುಣಿ ಇಟ್ಟು ಅಂಗಿಗೆ ನೀರು ಕಾಣಿಸಿ, ಮಾಡಿನ ನೆರಳಲ್ಲಿ ನೇತುಹಾಕಿದರು. ಸಂಜೆಗೆ ಅದು ಬೆಣ್ಣೆಯಂತಾಗಿತ್ತು. ಇಸೊಗಾಯಿ ಮುಟ್ಟಿ ನೋಡಿ, "ಹೊಲಿದ ಮೇಲೆ ಎಷ್ಟು ಮೆತ್ತಗಾಗಿದೆ!" ಎಂದು ಹೊಗಳಿಯೇ ತೆಗೆದುಕೊಂಡು ಹೋದರು.

ಆ ಬಟ್ಟೆಯ ಎಳೆಗಳನ್ನು ಹಿಡಿದಿಟ್ಟಿದ್ದ ತೆಳು ಲೇಪ ನೀರಿಗೆ ಬಿಟ್ಟುಹೋಗಿತ್ತು. ಅಂದಿನಿಂದ ಅಂಗಿ ಕಣ್ಣಿಗೆ ಕಾಣದಷ್ಟು ಸಣ್ಣ ಜುಂಗು ಉದುರಿಸತೊಡಗಿತು. ಸಂಸ್ಥೆಯಲ್ಲಿ ಕನ್ನಡಿಯಂಥ ಕಲ್ಲಿನ ಮೇಜಿನ ಮೇಲೆ ತೆಮಾರಿಯನ್ನು ಗಾಳಿಯ ಹಾಸಿನಲ್ಲಿ ಜಾರಿಸಿ ಜಾರಿಸಿ ಪರೀಕ್ಷೆ ಮಾಡಿದರು. ಉದುರಿದ ಜುಂಗು ನೆಲಕ್ಕೆ ಬಿತ್ತು, ಸಂಜೆ ಗುಡಿಸಿದರು, ಕತೆ ಮುಗಿಯಿತು. ನಿಲ್ದಾಣದಲ್ಲಿ ಬೀಳುವುದೆಂಬುದೇ ಇಲ್ಲವಲ್ಲ. ಅಲ್ಲಿ ಉದುರಿದ ಧೂಳು ತೇಲುತ್ತಾ ಇರುತ್ತದೆ, ಗಾಳಿ ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ಹೋಗುತ್ತದೆ. ಎಳೆಯುವುದು ತೆಮಾರಿಯ ಫ್ಯಾನುಗಳೇ. ತನ್ನ ಅಂಗಿಯನ್ನೇ ತಾನು ದಿನಾ ಇಷ್ಟಿಷ್ಟು ನುಂಗುತ್ತಾ ಹೋಗಿ, ಒಂದು ಬೆಳಿಗ್ಗೆ ಮೂಲೆಯೊಂದಕ್ಕೆ ಮುಖ ಮಾಡಿ ನಿಂತುಬಿಟ್ಟಿತು.

ಕಾರಣ ಹುಡುಕಿಕೊಂಡು ಇಸೊಗಾಯಿ ಶೆಡ್ಡಿಗೆ ಬಂದ ದಿನವನ್ನು ಮಿತ್ಸುಯೊ ಮಾತುಮಾತಿಗೂ ನೆನೆಯುತ್ತಾರೆ.

"ನುಮಾಜಿರಿ ಸಾನ್, ಕತ್ತರಿಸಿದ್ರಿ, ಹೊಲಿದ್ರಿ, ಚೀಲಕ್ಕೆ ಹಾಕಿದ್ರಿ. ನಡುವೆ ಬೇರೇನಾದ್ರೂ ಮಾಡಿದ್ರಾ?"

"ಏನೂ ಇಲ್ಲ. ಎಲ್ಲರೂ ಮಾಡೋದೇ. ನೀರು ಕಾಣಿಸಿದೆ."

"ನೀರಾ?"

"ಸೋಪು ಹಾಕಿಲ್ಲ, ಬರೀ ನೀರು. ಅವತ್ತು ಬಿಸಿಲು ಎಷ್ಟು ಚೆನ್ನಾಗಿತ್ತು ಅಂತೀರಿ…"

ಇಸೊಗಾಯಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಮಗಳು ಹುಟ್ಟಿ ಆಗಿನ್ನೂ ತಿಂಗಳಾಗಿರಲಿಲ್ಲ. "ಮಗಳ ಅಂಗಿಗೆಲ್ಲ ನಾನೇ ನೀರು ಕಾಣಿಸಿ, ಬಾಲ್ಕನಿಯಲ್ಲಿ ಸಾಲಾಗಿ ಒಣಗಿಸಿದ್ದೆ. ಇವರನ್ನ ಬೈಯೋಕೆ ನನಗೆ ಬಾಯಿ ಎಲ್ಲಿಂದ ಬರಬೇಕು?" ಎನ್ನುತ್ತಾರೆ ಈಗ. ಅಂಗಿಯನ್ನು ಒಗೆಯಬಾರದೆಂದು ಅವರೂ ಹೇಳಿರಲಿಲ್ಲ. ಹೊಚ್ಚ ಹೊಸ ಅಂಗಿಯನ್ನೂ ಯಾರಾದರೂ ಒಗೆದಾರೆಂದು, ಮನೆಯಲ್ಲಿ ಸ್ವತಃ ಒಗೆದಿದ್ದ ಆ ಅಪ್ಪನಿಗೂ ಆ ದಿನದವರೆಗೆ ಹೊಳೆದಿರಲಿಲ್ಲ. ಮನೆಯ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗುವವರು ನಾವೆಲ್ಲ. ಮಿತ್ಸುಯೊ ಅದನ್ನು ಶೆಡ್ಡಿಗೂ ತಂದರು. ಅಷ್ಟೇ ಆದದ್ದು.

ಸಂಸ್ಥೆಯವರು ತಪ್ಪನ್ನು ಯಾರ ತಲೆಗೂ ಕಟ್ಟಲಿಲ್ಲ. "ತಯಾರಿಕೆಯ ಹಂತದಲ್ಲಿ ನೀರಿನ ಸಂಪರ್ಕ" ಎಂದಷ್ಟೇ ಹೇಳಿ ಕೈಬಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾರೆ ಮಿತ್ಸುಯೊ. ಯಾರೂ ಬೈಯದ ತಪ್ಪನ್ನು ಒಬ್ಬರೇ ಹೊತ್ತುಕೊಂಡು ತಿರುಗುವುದು ಎಂಥ ಭಾರವೆಂದು ಹೊತ್ತವರಿಗೇ ಗೊತ್ತು.

ಕ್ಷಮೆ ಕೇಳಲು ಹೋದದ್ದೂ ಒಂದು ಫಜೀತಿಯೇ ಆಯಿತು. ಇಲ್ಲಿ ತಪ್ಪು ಮಾಡಿದವರು ಬರಿಗೈಯಲ್ಲಿ ಹೋಗುವುದಿಲ್ಲ, ಒಳ್ಳೆಯ ಅಂಗಡಿಯ ಮಿಠಾಯಿ ಪೆಟ್ಟಿಗೆ ಒಯ್ಯಬೇಕು. ಹನವಾ ಮದುವೆಗೆ ಹಾಕುವ ಕರಿ ಕೋಟು ಹಾಕಿಕೊಂಡರು. ಮಿತ್ಸುಯೊ ಕೆಂಪು ಹುರುಳಿಯ ಸಿಹಿ ತುಂಬಿದ ಮೊನಾಕಾ ಬಿಸ್ಕತ್ತಿನ ಪೆಟ್ಟಿಗೆ ಹಿಡಿದುಕೊಂಡರು. ಸಂಸ್ಥೆಯ ಬಾಗಿಲಲ್ಲಿ ಇಬ್ಬರೂ ಸೊಂಟದವರೆಗೆ ಬಾಗಿ ನಿಂತರೆ, ಒಳಗಿನ ಅಧಿಕಾರಿ ಇವರಿಗಿಂತ ಕೆಳಗೆ ಬಾಗಿ, ಕೆಲಸ ಮಾಡಿಕೊಡುವವರಿಂದ ಉಡುಗೊರೆ ಮುಟ್ಟುವಂತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಪೆಟ್ಟಿಗೆ ವಾಪಸು ಕೊಟ್ಟರು. ಇವರು ಕೊಡುವುದು, ಅವರು ತಳ್ಳುವುದು, ನಡುವೆ ಮೂವರೂ ಬಾಗುವುದು. ಕೊನೆಗೆ ಪೆಟ್ಟಿಗೆ ವ್ಯಾನಿಗೇ ವಾಪಸು ಬಂತು.

ಹನವಾ ಅಲ್ಲೇ ಪೊಟ್ಟಣ ಹರಿದರು. "ತಿನ್ನು, ಮಿತ್ಸು ಸಾನ್. ಬೇಜಾರಿಗೆ ಸಿಹಿಯೇ ಮದ್ದು."

"ಯಜಮಾನ್ರೇ, ಇದು ಕ್ಷಮೆಯ ಮಿಠಾಯಿ. ನಾವೇ ತಿಂದ್ರೆ ಹೆಂಗೆ?"

"ಹಂಗಾದ್ರೆ ನಾನು ನಿನ್ನ ಕ್ಷಮಿಸಿದೀನಿ. ತಗೋ, ತಿನ್ನು."

ಮಿತ್ಸುಯೊ ತಿನ್ನಲಿಲ್ಲ. ಅವರು ಕ್ಷಮೆ ಕೇಳಬೇಕಿದ್ದುದು ಆ ಅಧಿಕಾರಿಯನ್ನೂ ಅಲ್ಲ, ಇಸೊಗಾಯಿಯನ್ನೂ ಅಲ್ಲ. ತೆಮಾರಿ ನಿಂತ ದಿನದಿಂದ ಅದರ ಕೆಲಸವೆಲ್ಲ ನಿಲ್ದಾಣದಲ್ಲಿರುವ ಗಗನಯಾತ್ರಿ ಯಾತಾಬೆ ಕನಾಎ ಅವರ ಹೆಗಲಿಗೆ ಬಿದ್ದಿದೆ. ಕ್ಯಾಮೆರಾ ಕಟ್ಟುವುದು, ಬಿಚ್ಚುವುದು, ಕಳೆದದ್ದನ್ನು ಹುಡುಕುವುದು ಎಲ್ಲ ಅವರೇ. ಅವರಿಗೆ ದಿನದ ಕೊನೆಯಲ್ಲಿ ಒಂದಿಷ್ಟು ಹೊತ್ತು ಕಿಟಕಿಯ ಹತ್ತಿರ ಸುಮ್ಮನೆ ಇರುವ ಅಭ್ಯಾಸವಿತ್ತಂತೆ, ಈಗ ಅದಕ್ಕೆ ಸಮಯ ಸಿಗುತ್ತಿಲ್ಲವಂತೆ. ಇಸೊಗಾಯಿ ಬಾಯಿತಪ್ಪಿ ಆಡಿದ ಮಾತದು. ಮಿತ್ಸುಯೊ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

"ಅಷ್ಟು ದೂರ ಹೋದೋರಿಗೆ ಇರೋದೇ ಒಂದು ಕಿಟಕಿ. ಅದನ್ನೂ ನಾನು ಮುಚ್ಚಿಬಿಟ್ಟೆ."

ನಿಮ್ಮ ಪರವಾಗಿ ನಾನು ತಿಳಿಸುತ್ತೇನೆ ಎಂದರು ಇಸೊಗಾಯಿ. ಮಿತ್ಸುಯೊ ಬೇಡವೆಂದರು. "ಕ್ಷಮೆ ಕೇಳೋದು ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳಿಸೋ ಸಾಮಾನಲ್ಲ. ಎದುರಿಗೆ ನಿಂತು ತಲೆ ಬಗ್ಗಿಸಬೇಕು."

ಹೀಗಾಗಿ ಅವರಿಂದ ಆಗುವುದು ಉಳಿದದ್ದು ಒಂದೇ, ಈ ಎರಡನೆಯ ಅಂಗಿ. ಇದಕ್ಕೆ ಮೂರು ಬಾಯಿಗಳಿವೆ, ಗಾಳಿ ಹೋಗಿಬರಲು. ಬಾಯಿಯ ಸುತ್ತಲಿನ ಅಂಚನ್ನು ಒಳಕ್ಕೆ ಮಡಿಸಿ, ಮಡಿಕೆಯ ಮೇಲೆ ಇನ್ನೊಂದು ಮಡಿಕೆ ಹಾಕಿ, ದಾರದ ತುದಿ ಎಲ್ಲೂ ಇಣುಕದಂತೆ ಕೈಯಲ್ಲೇ ಹೊಲಿಯಬೇಕು. ಮೈ ಹೊಲಿಯುವುದು ಅರ್ಧ ದಿನದ ಕೆಲಸವಾದರೆ ಒಂದೊಂದು ಬಾಯಿಗೆ ಒಂದೊಂದು ದಿನ ಹಿಡಿಯುತ್ತದೆ. ಮಾತಾಡುವುದಿಲ್ಲ, ಚಹಾ ಮೇಜಿನ ಹತ್ತಿರ ತರಗೊಡುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಕೆಲಸ ನೀರು ಕಾಣಿಸದೆ ಇರುವುದು. ಬಿಸಿಲು ಬಿದ್ದ ದಿನ ಕೈ ಸುಮ್ಮನಿರುವುದಿಲ್ಲವಂತೆ. ತಾವರೆ ಗದ್ದೆಯಿಂದ ಊಟಕ್ಕೆ ಬಂದ ಗಂಡ ಸೆಯ್ಜಿ ಅಂಗಳದಲ್ಲಿ ನಿಂತ ಹೆಂಡತಿಯನ್ನು ಕಂಡು, "ಓಯ್, ಇಂಥ ಬಿಸಿಲಿಗೆ ಸುಮ್ನೆ ನಿಂತಿದೀಯಲ್ಲ, ಏನಾದ್ರೂ ಒಗೆಯೋದಿದ್ರೆ ಒಗಿ" ಎಂದುಬಿಟ್ಟರು.

"ನನ್ನ ಮುಂದೆ ಒಗೆಯೋ ಮಾತು ಎತ್ತಬೇಡಿ!" ಎಂದು ಮಿತ್ಸುಯೊ ರೇಗಿದ್ದಕ್ಕೆ ಸೆಯ್ಜಿ ವಾರವಿಡೀ ತಮ್ಮ ಕೆಸರಿನ ಬಟ್ಟೆಯನ್ನು ತಾವೇ ಒಗೆದುಕೊಂಡರು.

ಅಂಗಿ ಮುಗಿದ ದಿನ ಮಿತ್ಸುಯೊ ಅದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ಅಂಟಿನ ಹಾಳೆ ಒತ್ತಿ ಒತ್ತಿ ತೆಗೆಯುತ್ತಾರೆ. ಹಾಳೆಗೆ ಏನೂ ಹತ್ತಿಲ್ಲ. ಒರಟಾಗಿಯೇ ಇರುವ ಆ ಬಟ್ಟೆಯನ್ನು ಒಮ್ಮೆ ಕೆನ್ನೆಗೆ ತಾಗಿಸಿ ಚೀಲಕ್ಕೆ ಹಾಕುತ್ತಾರೆ. "ಚುಚ್ಚುತ್ತೆ. ಆದರೂ ಹಂಗೇ ಕಳಿಸ್ತಿದೀನಿ. ನಮ್ಮಮ್ಮ ಇದ್ದಿದ್ರೆ ಬೆನ್ನಿಗೆ ಒಂದು ಕೊಡ್ತಿದ್ಲು."

ಚಳಿಗಾಲದ ಕೊನೆಗೆ ಸರಕು ನೌಕೆ ಮೇಲೆ ಹೋಯಿತು. ಗಗನಯಾತ್ರಿಗಳ ಒಂದೊಂದು ಗಳಿಗೆಗೂ ಮೊದಲೇ ಕೆಲಸ ನಿಗದಿಯಾಗಿರುತ್ತದೆ. ತೆಮಾರಿಯ ಪಾಲಿಗೆ ಸಿಕ್ಕಿದ್ದು ಒಂದು ಬೆಳಗಿನ ಒಂದಿಷ್ಟು ಹೊತ್ತು. ಇಸೊಗಾಯಿ ಯಾರ್ಯಾರನ್ನೋ ಕಾಡಿ, ಆ ಬೆಳಿಗ್ಗೆ ಮಿತ್ಸುಯೊ ಮತ್ತು ಹನವಾಗೆ ಸಂಸ್ಥೆಯ ಕೋಣೆಯ ಹಿಂದಿನ ಸಾಲಿನಲ್ಲಿ ಎರಡು ಕುರ್ಚಿ ಕೊಡಿಸುತ್ತಾರೆ. ಹನವಾ ಮತ್ತೆ ಅದೇ ಕರಿ ಕೋಟಿನಲ್ಲಿ ಬರುತ್ತಾರೆ. ಮಿಠಾಯಿ ಪೆಟ್ಟಿಗೆ ಈ ಸಲ ಇಲ್ಲ.

ಪರದೆಯ ಮೇಲೆ ಯಾತಾಬೆ ಕಾಣುತ್ತಾರೆ. ಕೂದಲು ಎದ್ದು ತೇಲುತ್ತಿದೆ, ಕಣ್ಣ ಕೆಳಗೆ ಕಪ್ಪು. ತೆಮಾರಿಯನ್ನು ಮಡಿಲಲ್ಲಿ ಹಿಡಿದಂತೆ ಹಿಡಿದು ಹಳೆಯ ಅಂಗಿ ಬಿಚ್ಚುತ್ತಾರೆ. ಬಾಯಿಗಳ ಒಳಗೆ ಬೂದುಬಣ್ಣದ ಜುಂಗು ಬೆಕ್ಕಿನ ಕೂದಲಿನ ಹಾಗೆ ಗಂಟುಗಟ್ಟಿದೆ. ಚಿಮಟದಿಂದ ಎಳೆದಷ್ಟೂ ಬರುತ್ತದೆ. ಹಿಂದಿನ ಸಾಲಿನಲ್ಲಿ ಮಿತ್ಸುಯೊ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ. ತಾವು ಹೊಲಿದ ಅಂಗಿಯೇ ಅದರ ಗಂಟಲಲ್ಲಿ ಹೀಗೆ ಸಿಕ್ಕಿಕೊಂಡಿರುತ್ತದೆಂದು ಅವರು ಕೇಳಿದ್ದರು, ಕಂಡಿರಲಿಲ್ಲ.

ಹೊಸ ಅಂಗಿ ಸಲೀಸಾಗಿ ಕೂರುತ್ತದೆ. ಯಾತಾಬೆ ಒಂದು ಬಾಯಿಯ ಅಂಚನ್ನು ಬೆರಳಲ್ಲಿ ಸವರಿ ತಲೆಯಾಡಿಸುತ್ತಾರೆ. ಇಸೊಗಾಯಿ ಗುಂಡಿ ಒತ್ತುತ್ತಾರೆ. ಫ್ಯಾನಿನ ಸದ್ದು ಕೇಳಿಸುತ್ತದೆ. ತೆಮಾರಿ ಯಾತಾಬೆಯ ಕೈಬಿಟ್ಟು ಮೆಲ್ಲಗೆ ತೇಲುತ್ತದೆ.

"ಹೋಯ್ತು, ಹೋಯ್ತು! ಮಿತ್ಸು ಸಾನ್, ನೋಡಲ್ಲಿ!" ಎಂದು ಹನವಾ ಎದ್ದು ನಿಲ್ಲುತ್ತಾರೆ.

ಅದು ಮುಂದೆ ಹೋಗಲಿಲ್ಲ. ನಿಂತಲ್ಲೇ ಸುತ್ತತೊಡಗಿತು. ಇಸೊಗಾಯಿ ಎಡಕ್ಕೆ ತಿರುಗಿಸಿದರೂ ಸುತ್ತು, ಬಲಕ್ಕೆ ತಿರುಗಿಸಿದರೂ ಸುತ್ತು. ಒಂದು ಕಡೆಯ ಫ್ಯಾನು ಜುಂಗಿನ ಜೊತೆ ಗುದ್ದಾಡಿ ಎಂದೋ ಸುಟ್ಟುಹೋಗಿತ್ತು. ಅದರ ಬದಲಿಗೆ ಬೇರೆ ಕಳಿಸುವ ಮಾತಿಲ್ಲ, ಮುಂದಿನ ರೋಬೋಟ್ ಆಗಲೇ ತಯಾರಾಗುತ್ತಿದೆ, ಅದಕ್ಕೆ ಬಟ್ಟೆಯೂ ಇಲ್ಲ, ಗಟ್ಟಿ ರಬ್ಬರಿನ ಮೈ. ಇಸೊಗಾಯಿ ಇನ್ನೊಮ್ಮೆ, ಮತ್ತೊಮ್ಮೆ ಪ್ರಯತ್ನಿಸುತ್ತಾರೆ. ಕೊನೆಗೆ ಯಾತಾಬೆ ಎರಡೂ ಕೈ ಚಾಚಿ ಅದನ್ನು ಹಿಡಿದು ನಿಲ್ಲಿಸುತ್ತಾರೆ.

ಮಿತ್ಸುಯೊ ಎದ್ದು ಪರದೆಯ ಕಡೆಗೆ ಬಾಗುತ್ತಾರೆ. ಇಲ್ಲಿಂದ ಅಲ್ಲಿಗೆ ದನಿ ಮಾತ್ರ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಯಾತಾಬೆಗೆ ಅದು ಕಾಣಿಸಲಿಲ್ಲ. ಅದನ್ನು ಮಿತ್ಸುಯೊಗೆ ಹೇಳುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ.

ಮೇಲಿನಿಂದ ದಣಿದ ದನಿ ಕೇಳಿಸುತ್ತದೆ. "ಇದನ್ನ ಕಸಕ್ಕೆ ಕಟ್ಟಬೇಕು ಅಲ್ವಾ? ಅಂಗಿ ಬಿಚ್ಚಿ ಇಟ್ಟುಕೊಳ್ಳಲಾ? ಗಾಜು ಒರೆಸೋಕೆ ಒಳ್ಳೆ ಬಟ್ಟೆ ಇಲ್ಲಿ ಸಿಗಲ್ಲ. ಹೊಲಿದೋರಿಗೆ ಬೇಜಾರಾಗುತ್ತಾ?"

ಇಸೊಗಾಯಿ ಕುರ್ಚಿ ತಿರುಗಿಸಿ ಹಿಂದಿನ ಸಾಲು ನೋಡುತ್ತಾರೆ. ಹನವಾ ಕೋಟಿನ ತೋಳಲ್ಲಿ ಮೂಗೊರೆಸಿಕೊಂಡು, "ಬೇಡ ಅನ್ನು, ಮಿತ್ಸು ಸಾನ್. ತೊಟ್ಟುಕೊಂಡೇ ಹೋಗಲಿ. ಬೆತ್ತಲೆ ಕಳಿಸ್ತಾರಾ ಯಾರಾದ್ರೂ?" ಎಂದು ಪಿಸುಗುಟ್ಟುತ್ತಾರೆ. ಅಂಗಿ ತೊಡಿಸಿಯೇ ಕಳಿಸಬೇಕೆಂಬ ಆಸೆ ಮಿತ್ಸುಯೊಗೂ ಇತ್ತು. ಆದರೆ ಮೇಲಿರುವವರ ಕಣ್ಣ ಕೆಳಗಿನ ಕಪ್ಪನ್ನು ಅವರು ಈಗಷ್ಟೇ ನೋಡಿದ್ದರು.

"ಬಿಚ್ಚಿಕೊಳ್ಳಿ ಅಂತ ಹೇಳಿ," ಎನ್ನುತ್ತಾರೆ. "ಧೈರ್ಯವಾಗಿ ಒರೆಸಿ ಅನ್ನಿ. ಒಂದು ಎಳೆ ಬಿಡಲ್ಲ."

ಕಸದ ನೌಕೆ ನಿಲ್ದಾಣದಿಂದ ಬೇರೆಯಾದದ್ದು ಗದ್ದೆಗಳಿಗೆ ಹೊಸ ತಾವರೆ ಗೆಡ್ಡೆ ನೆಡುವ ಕಾಲಕ್ಕೆ. ಅದು ಉರಿಯುವ ದಿನ ಇಸೊಗಾಯಿ ಸಂಸ್ಥೆಗೆ ರಜೆ ಹಾಕಿ ಶೆಡ್ಡಿಗೆ ಬರುತ್ತಾರೆ. ಸೆಯ್ಜಿ ಬೆಳಿಗ್ಗೆ ಕೊಟ್ಟುಹೋದ ಬುತ್ತಿಯಲ್ಲಿನ ಬೇಯಿಸಿದ ತಾವರೆ ಗೆಡ್ಡೆಯ ಬಿಲ್ಲೆಗಳನ್ನು ತಟ್ಟೆಗೆ ಹಾಕಿ, ಹನವಾ ಹತ್ತು ಗಂಟೆಯ ಚಹಾ ಕಾಯಿಸುತ್ತಾರೆ. ಮಿತ್ಸುಯೊ ಟ್ರ್ಯಾಕ್ಟರ್ ಸೀಟಿನ ಕವಚ ಹೊಲಿಯುತ್ತಿದ್ದಾರೆ. ಆಕಾಶದ ಕೆಲಸ ಇನ್ನು ಈ ಶೆಡ್ಡಿಗೆ ಬರುವುದಿಲ್ಲವೆಂದು ಮೂವರಿಗೂ ಗೊತ್ತಿದೆ. ಮುಂದೇನು ಆಸೆ ಎಂದು ಕೇಳಿದರೆ ಮಿತ್ಸುಯೊ ದಾರ ಕಚ್ಚಿ ಕತ್ತರಿಸುತ್ತಾ ಹೇಳುತ್ತಾರೆ: "ಯಾತಾಬೆ ಸಾನ್ ಬೇಸಿಗೆಗೆ ಇಳಿದು ಬರ್ತಾರಂತೆ. ದೂರದಿಂದಾದ್ರೂ ಸರಿ, ಒಂದ್ಸಲ ಎದುರಿಗೆ ನಿಲ್ಲಬೇಕು. ಅವರದ್ದು ಆಮೇಲೆ. ಇವತ್ತು ತೆಮಾರಿ ಹತ್ರ ಕ್ಷಮೆ ಕೇಳಬೇಕು."

ಆಮೇಲೆ ಯಂತ್ರ ನಿಲ್ಲಿಸಿ ಇಸೊಗಾಯಿಯ ಕಡೆ ತಿರುಗುತ್ತಾರೆ. "ಯಾವ ಕಡೆ?"

"ಏನು ಯಾವ ಕಡೆ?"

"ಅದು ಉರಿಯೋದು ಯಾವ ಕಡೆ? ಬೆನ್ನು ತಿರುಗಿಸಿಕೊಂಡು ಕ್ಷಮೆ ಕೇಳೋಕಾಗುತ್ತಾ?"

ಇಸೊಗಾಯಿ ಅಂಗಳಕ್ಕೆ ಬಂದು, ಸೂರ್ಯನನ್ನು ನೋಡಿ, ಗದ್ದೆಗಳ ಆಚೆ ಆಗ್ನೇಯಕ್ಕೆ ಕೈ ಚಾಚುತ್ತಾರೆ. ಮಿತ್ಸುಯೊ ಟೋಪಿ ತೆಗೆದು ಆ ಕಡೆಗೆ ಸರಿಯಾಗಿ ನಿಲ್ಲುವಷ್ಟರಲ್ಲಿ ಇಸೊಗಾಯಿಯ ಕೈ ನಿಧಾನವಾಗಿ ಇಳಿಯುತ್ತದೆ. ಸರೋವರಕ್ಕಿಂತ ಕೆಳಕ್ಕೆ, ಗದ್ದೆಯ ಬದುವಿಗಿಂತ ಕೆಳಕ್ಕೆ. "ದಕ್ಷಿಣದ ಮಹಾಸಾಗರದ ಮೇಲೆ. ಭೂಮಿ ದುಂಡಗಿದೆಯಲ್ಲ ನುಮಾಜಿರಿ ಸಾನ್, ಅದು ನಮಗಿಂತ ಕೆಳಗಾಗುತ್ತೆ. ಹೀಗೆ… ನೆಲದೊಳಗಿಂದ ಆ ಕಡೆಗೆ."

"ಆಕಾಶದಲ್ಲಿ ಅಲ್ವಾ?"

"ನಮ್ಮ ಆಕಾಶದಲ್ಲಿ ಅಲ್ಲ."

"ಹಂಗಾದ್ರೆ ಬಗ್ಗಿದ್ರೆ ಸರಿಯಾಗಿ ಅದರ ಕಡೆಗೇ ಆಗುತ್ತೆ," ಎನ್ನುತ್ತಾರೆ ಮಿತ್ಸುಯೊ. ಕೈಗಳನ್ನು ತೊಡೆಯ ಮೇಲಿಟ್ಟು ಸೊಂಟದಿಂದ ಬಾಗುತ್ತಾರೆ. ಇಸೊಗಾಯಿ ಗಡಿಯಾರ ನೋಡಿ ಅವರ ಪಕ್ಕ ಬಾಗುತ್ತಾರೆ. ಹನವಾ ಕಿವಿಯ ಸಿಗರೇಟು ತೆಗೆದು ಜೇಬಿಗಿಟ್ಟು ಬಾಗುತ್ತಾರೆ. ಕೆಸರಲ್ಲಿದ್ದ ಗಂಡಸರು ಕೊಳವೆ ಹಿಡಿದೇ ಇತ್ತ ನೋಡುತ್ತಾರೆ.

ಮೊದಲು ಇಸೊಗಾಯಿ ಏಳುತ್ತಾರೆ, ಆಮೇಲೆ ಹನವಾ. ಮಿತ್ಸುಯೊ ಏಳುವುದಿಲ್ಲ.

"ಸಾಕು ಏಳು, ಮಿತ್ಸು ಸಾನ್," ಎನ್ನುತ್ತಾರೆ ಹನವಾ, ಸ್ವಲ್ಪ ಹೊತ್ತು ಬಿಟ್ಟು. "ಚಹಾ ಆರ್ತಿದೆ."

"ಇರಿ," ಎನ್ನುತ್ತಾರೆ ಅವರು ಬಾಗಿದಲ್ಲಿಂದಲೇ. "ಇನ್ನೂ ಉರೀತಿರಬಹುದು."